ಅಲೆ ಒಡೆಯದ ಜಾಗ

ಮೂರನೇ ಪಂಚೆಯ ಮೇಲೆ ಗಂಜಿ ಬಿಡುತ್ತಿದ್ದೆ. ಅಕ್ಕಿ ಸಂಡಿಗೆಯ ಗಂಜಿ ಬಿಸಿಯಾಗಿರುವಾಗಲೇ ಕೆಲಸ ಮುಗಿಸಬೇಕು, ಆರಿದರೆ ಸೌಟಿನಿಂದ ಇಳಿಯುವುದಿಲ್ಲ. ತಾರಸಿಯ ಸಿಮೆಂಟು ಹತ್ತು ಗಂಟೆಗೇ ಕಾದುಹೋಗಿತ್ತು. ಗೋಣಿತಾಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಸಾಲು ಹಿಡಿದು ಹೋಗುತ್ತಿದ್ದೆ. ಎರಡು ಸಾವಿರದ ಮೂರನೇ ಇಸವಿ, ಏಪ್ರಿಲ್ ಕೊನೆಯ ವಾರ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗುವುದು ನಾಲ್ಕು ದಿನದಿಂದ ನಡೆದಿತ್ತು, ಹಾಗಾಗಿ ಬೆಳಗಿನ ಬಿಸಿಲು ಸಿಕ್ಕಷ್ಟು ಲಾಭ ಅಂದುಕೊಂಡಿದ್ದೆ.

ಮನೆಯಲ್ಲಿ ನಾವು ಮೂವರೇ ಇದ್ದೆವು. ನಾನು, ನನ್ನ ಮೈದುನ ಬೈಲಪ್ಪ, ಅವನ ಹೆಂಡತಿ ರಾಮಲಕ್ಷ್ಮಮ್ಮ. ಅವರ ಮಗ ಶ್ರೀನಿವಾಸ ಹಿಂದಿನ ದಿನ ಹೆಂಡತಿ ಮಕ್ಕಳನ್ನು ಸುಮೋದಲ್ಲಿ ಕೂರಿಸಿಕೊಂಡು ಧರ್ಮಸ್ಥಳ, ಉಡುಪಿ ಅಂತ ಹೊರಟಿದ್ದ. ಮೂವರು ಮಕ್ಕಳು: ಇಪ್ಪತ್ತರ ದಿವ್ಯ, ಹದಿನೆಂಟರ ಸುನಿಲ, ಹದಿನಾಲ್ಕರ ಭವ್ಯ. ನನಗೆ ಮಕ್ಕಳಿಲ್ಲ. ಗಂಡ ಸತ್ತಾಗಿನಿಂದ ಮೂವತ್ತು ವರ್ಷ ಇದೇ ಮನೆಯ ಅನ್ನ ಉಂಡು, ಆ ಮಕ್ಕಳನ್ನು ಎತ್ತಿ ಆಡಿಸಿದವಳು.

ಗಂಜಿ ಮುಗಿಯಿತು. ಇನ್ನೊಂದು ಪಾತ್ರೆ ತರಲು ಕೆಳಗಿಳಿದೆ. ರಾಮಲಕ್ಷ್ಮಮ್ಮ ನಡುಮನೆಯಲ್ಲಿ ಫೋನ್ ಹಿಡಿದು ಕೂತಿದ್ದಳು. ಉಡುಪಿ ಕಡೆಯಿಂದ ಶ್ರೀನಿವಾಸ. ದರ್ಶನ ಆಯಿತಂತೆ, ಪಡುಗರಡಿಗೆ ಬಂದು ಲಾಡ್ಜ್ ಹಿಡಿದಿದ್ದಾರಂತೆ, ಅಲ್ಲಿ ಬೆವರು ಸುರಿದು ಬಟ್ಟೆ ಹಿಂಡುವ ಹಾಗಿದೆಯಂತೆ, ಊಟ ಮುಗಿಸಿ ಸಮುದ್ರಕ್ಕೆ ಹೋಗುತ್ತಾರಂತೆ. ಅವಳು ಹೂಂಗುಟ್ಟುತ್ತಲೇ ಇದ್ದವಳು ಕೊನೆಗೆ ಹೇಳಿದಳು:

"ಅಲೆ ಹೊಡೆಯೋ ಕಡೆ ಇಳೀಬೇಡಿ ಕಣಪ್ಪ. ಅಲೆ ಇಲ್ದೆ ನೀರು ಸುಮ್ನಿರೋ ಜಾಗ ನೋಡ್ಕೊಂಡು ಇಳೀರಿ. ಆವತ್ತು ಆ ಅಂಜನಮೂರ್ತಿ ನಮ್ಮ ದಿವ್ಯನ್ನ ಅಲೆಗೆ ಬಿಟ್ಟು ಏನಾಯ್ತು ಅಂತ ಗೊತ್ತಲ್ಲ."

ಆಮೇಲೆ ಫೋನ್ ಇಟ್ಟಳು. ನನ್ನ ಕೈಯಲ್ಲಿ ಗಂಜಿಯ ಪಾತ್ರೆ ಇತ್ತು. ಅದನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ.

ಪಡುಗರಡಿ ಅನ್ನುವುದು ಉಡುಪಿ ದಾಟಿ ಒಂದು ಮೀನುಗಾರರ ಊರು. ಒಂಬತ್ತು ವರ್ಷದ ಹಿಂದೆ, ಇದೇ ಬೇಸಿಗೆಯಲ್ಲಿ, ನಾವೆಲ್ಲ ಅಲ್ಲಿಗೆ ಮೆಟಡಾರ್‌ನಲ್ಲಿ ಹೋಗಿದ್ದೆವು. ಮೆಟಡಾರ್ ಬೈಲಪ್ಪನದು, ಓಡಿಸುತ್ತಿದ್ದವನು ಅಂಜನಮೂರ್ತಿ. ನಮ್ಮ ಕೇರಿಯವನೇ, ಇಪ್ಪತ್ತೈದು ಇಪ್ಪತ್ತಾರರ ಹುಡುಗ, ನನ್ನನ್ನು ದೊಡ್ಡಮ್ಮ ಅನ್ನುತ್ತಿದ್ದ. ನಮ್ಮಲ್ಲಿ ಯಾರೂ ಅದುವರೆಗೆ ಸಮುದ್ರ ಕಂಡವರಲ್ಲ. ಕಂಡದ್ದು ಹೊರಮಾವಿನ ಕೆರೆ. ಕೆರೆಯ ಲೆಕ್ಕ ನಮಗೆ ಚೆನ್ನಾಗಿ ಗೊತ್ತು. ತೂಬಿನ ಹತ್ತಿರ ನೀರು ಅಲ್ಲಾಡುತ್ತದೆ, ಸುಳಿಯುತ್ತದೆ, ಅಲ್ಲಿಗೆ ಮಕ್ಕಳನ್ನು ಬಿಡುವುದಿಲ್ಲ. ನೀರು ಕನ್ನಡಿಯ ಹಾಗೆ ನಿಂತ ಕಡೆ ಬಟ್ಟೆ ಒಗೆಯುತ್ತೇವೆ, ಮಕ್ಕಳನ್ನು ಮೀಯಿಸುತ್ತೇವೆ. ನನ್ನ ಅತ್ತೆ ನನಗೆ ಹೇಳಿಕೊಟ್ಟದ್ದು ಅದು.

ಗಂಡಸರು ಗಾಳಿಮರದ ನೆರಳಿನಲ್ಲಿ ಊಟಕ್ಕೆ ಕೂತಿದ್ದರು. ಅಂಜನಮೂರ್ತಿಗೆ ಮಕ್ಕಳನ್ನು ನೋಡಿಕೋ ಅಂದಿದ್ದರು. ಹನ್ನೊಂದರ ದಿವ್ಯ ನೀರಿಗೆ ಇಳಿಯಬೇಕು ಅಂತ ನನ್ನ ಸೆರಗು ಜಗ್ಗುತ್ತಿದ್ದಳು. ನಾನು ದಡದಲ್ಲಿ ನಿಂತು ನೋಡಿದೆ. ಆ ಕಡೆಯೂ ಈ ಕಡೆಯೂ ಅಲೆ ಎದ್ದು ಬೆಳ್ಳಗೆ ಒಡೆಯುತ್ತಿತ್ತು. ನಡುವೆ ಒಂದು ಬೀದಿಯಷ್ಟು ಅಗಲ ಅಲೆಯೇ ಇಲ್ಲ, ನೀರು ನಯವಾಗಿ, ಸ್ವಲ್ಪ ಕಪ್ಪಗೆ, ನಮ್ಮ ಕೆರೆಯ ಹಾಗೆ ಇತ್ತು. ನಾನೇ ಬೆರಳು ಮಾಡಿ ತೋರಿಸಿದೆ. ಅಲ್ಲಿ ಇಳಿ, ಅಲ್ಲಿ ಏನೂ ಆಗಲ್ಲ ಅಂದೆ. ಅಂಜನಮೂರ್ತಿ ಕೇಳಿಸಿಕೊಂಡ. ದೊಡ್ಡವರು ಹೇಳಿದ ಮೇಲೆ ಸರಿ ಅಂತ ಸುಮ್ಮನಾದ.

ಮೊಣಕಾಲವರೆಗೆ ಇಳಿದಿದ್ದ ಮಗು ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಎದೆಯವರೆಗೆ ಹೋಗಿದ್ದಳು. ಅವಳು ಹೆಜ್ಜೆ ಹಾಕಿರಲಿಲ್ಲ. ನೀರು ತೆಗೆದುಕೊಂಡು ಹೋಗುತ್ತಿತ್ತು. ಅಂಜನಮೂರ್ತಿಗೆ ಈಜು ಬರುತ್ತಿರಲಿಲ್ಲ, ಆದರೂ ಹಾರಿದ. ಅವನನ್ನೂ ಎಳೆದುಕೊಂಡಿತು. ದಡದಲ್ಲಿ ಮೀನು ಒಣಗಿಸುತ್ತಿದ್ದ ಅಕ್ಕು ಅನ್ನುವ ಹೆಂಗಸು ಕೂಗಿದ ಕೂಗಿಗೆ ಇಬ್ಬರು ದೋಣಿ ತಂದು ಇಬ್ಬರನ್ನೂ ಎತ್ತಿ ಹಾಕಿಕೊಂಡರು.

ಮಗು ಕಣ್ಣು ಬಿಟ್ಟ ಮೇಲೆ ಬೈಲಪ್ಪ ಕೇಳಿದ್ದು ಒಂದೇ ಮಾತು, ಯಾರು ಇಳಿಸಿದ್ದು ಅಂತ. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಬೈಲಪ್ಪ ಅಂಜನಮೂರ್ತಿಯ ಕೆನ್ನೆಗೆ ಹೊಡೆದ. ಆ ಹುಡುಗನ ಮುಖದಲ್ಲಿ ಇನ್ನೂ ಮರಳು ಮೆತ್ತಿಕೊಂಡಿತ್ತು, ಮೂಗಿನಿಂದ ಉಪ್ಪುನೀರು ಸುರಿಯುತ್ತಿತ್ತು. ಅವನು ನನ್ನ ಕಡೆ ಒಂದು ಸಲ ನೋಡಿದ. ಹೇಳಿಬಿಡಬಹುದಿತ್ತು, ಹೇಳಲಿಲ್ಲ. ನಾನು ಹೇಳುತ್ತೇನೆ ಅಂತ ಕಾದನೋ ಏನೋ. ಗಂಡನಿಲ್ಲದವಳು, ಮೈದುನನ ಮನೆಯಲ್ಲಿ ಇರುವವಳು, ಅವರ ಮಗುವನ್ನು ನಾನೇ ನೀರಿಗೆ ತಳ್ಳಿದೆ ಅಂತ ಹೇಗೆ ಹೇಳಲಿ ಅಂತ ನಾನು ನೆಲ ನೋಡಿದೆ.

ಹೊರಡುವಾಗ ಅಕ್ಕು ನನ್ನೊಬ್ಬಳನ್ನೇ ಕರೆದು ಹೇಳಿದಳು. "ಅಲೆ ಬಂದು ಬಿದ್ದ ನೀರಿಗೆ ವಾಪಾಸ್ ಹೋಗ್ಲಿಕ್ಕೆ ದಾರಿ ಬೇಡ್ವಾ ಅಮ್ಮ? ಅಲೆ ಒಡೆಯದ ಜಾಗವೇ ಆ ದಾರಿ. ಚಂದ ಕಾಣ್ತದೆ, ಒಳಗೆ ಎಳ್ಕೊಂಡು ಹೋಗ್ತದೆ. ಸಿಕ್ಕಿಬಿದ್ರೆ ದಡಕ್ಕೆ ಮುಖ ಮಾಡಿ ಗುದ್ದಾಡ್ಬಾರ್ದು, ಮಗ್ಗುಲಿಗೆ ಸರೀಬೇಕು."

ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಊರಿಗೆ ಬಂದ ಮೇಲೆ ಕತೆ ಬೇರೆಯೇ ಆಯಿತು. ಅಂಜನಮೂರ್ತಿ ಬೀಡಿ ಸೇದುತ್ತ ಮೈಮರೆತ, ಮಗು ಅಲೆಗೆ ಹೋಯಿತು ಅಂದರು. ಆಮೇಲೆ ಬೀಡಿ ಹೋಗಿ ಹೆಂಡ ಆಯಿತು. ಕೆ.ಆರ್. ಪುರದಿಂದ ಕಲ್ಯಾಣ ನಗರದವರೆಗೆ ಅವನಿಗೆ ಯಾರೂ ಗಾಡಿ ಕೊಡಲಿಲ್ಲ. ಅವನು ಮಾಲೂರಿಗೆ ಹೋಗಿ ಸೇರಿಕೊಂಡ. ನಮ್ಮ ಮನೆಯಲ್ಲಿ ಸಮುದ್ರದ ಮಾತು ಬಂದಾಗಲೆಲ್ಲ ಬುದ್ಧಿಮಾತು ಒಂದೇ, ಅಲೆಯ ಹತ್ತಿರ ಹೋಗಬೇಡಿ, ಸುಮ್ಮನಿರುವ ನೀರಿಗೆ ಇಳಿಯಿರಿ. ನನ್ನ ಸುಳ್ಳು ಬೆಳೆದು ಮಕ್ಕಳಿಗೆ ಬುದ್ಧಿಮಾತಾಗಿತ್ತು.

ರಾಮಲಕ್ಷ್ಮಮ್ಮನಿಗೆ ಮತ್ತೆ ಫೋನ್ ಮಾಡು ಅಂದೆ. ಯಾಕಕ್ಕ ಅಂದಳು. ಮಾಡು ಅಂದೆ. ಲಾಡ್ಜಿನ ನಂಬರನ್ನು ಶ್ರೀನಿವಾಸ ಹೋಗುವಾಗಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದ. ಆದರೆ ಬಾಡಿಗೆ ಮನೆಯವರು ಬಂದು ದೂರದೂರಿಗೆಲ್ಲ ಫೋನ್ ಮಾಡುತ್ತಾರೆ ಅಂತ ಬೈಲಪ್ಪ ಎಸ್‌ಟಿಡಿಗೆ ಬೀಗ ಹಾಕಿಸಿದ್ದ. ಅದನ್ನು ತೆಗೆಯುವ ಸಂಖ್ಯೆ ಅವನೊಬ್ಬನಿಗೇ ಗೊತ್ತು. ಅವನು ಹಿಂದಿನ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಗೆ ನೀರು ಹಾಕಿಸಲು ಹೋಗಿದ್ದ. ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸುತ್ತಿತ್ತು.

ನಾನು ಚಪ್ಪಲಿ ಮೆಟ್ಟಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಆವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಬೈಲಪ್ಪನನ್ನು ಕರೆಯುವುದಲ್ಲ. ಬಸ್ ನಿಲ್ದಾಣದ ಹತ್ತಿರದ ಫೋನ್ ಬೂತಿಗೆ ಹೋಗಿ, ಯಾರಿಗೂ ಗೊತ್ತಾಗದ ಹಾಗೆ ಲಾಡ್ಜಿನವರಿಗೆ ಒಂದು ಮಾತು ಹೇಳಿ ಬಂದುಬಿಡುವುದು. ಗೇಟಿನವರೆಗೆ ಹೋದೆ. ಬೂತಿಗೆ ನನ್ನ ಕಾಲಿಗೆ ಕಾಲು ಗಂಟೆ. ಊಟದ ಹೊತ್ತಿಗೆ ಬೂತಿನವನು ಷಟರ್ ಎಳೆದಿರುತ್ತಾನೆ. ಅಷ್ಟು ಹೊತ್ತಿಗೆ ಭವ್ಯ ಎಲ್ಲಿರುತ್ತಾಳೆ? ಭವ್ಯನಿಗೆ ನೀರೆಂದರೆ ಹುಚ್ಚು. ಆ ಲೆಕ್ಕ ಮಾಡುತ್ತ ನಿಂತಿರುವಾಗಲೇ ಬೈಲಪ್ಪ ತಲೆಗೆ ಟವಲ್ ಸುತ್ತಿಕೊಂಡು ಬಂದ.

ಎಸ್‌ಟಿಡಿ ಬೀಗ ತೆಗಿ ಬೈಲಪ್ಪ, ಉಡುಪಿಗೆ ಮಾತಾಡಬೇಕು ಅಂದೆ. ಅವನು ನಕ್ಕ. ಊಟಕ್ಕೆ ಬಡಿಸಿ ಅತ್ಗೆ, ಹುಡುಗರು ಒಂದಿನ ಹೋಗಿದ್ದಕ್ಕೇ ಇಷ್ಟು ಒದ್ದಾಡ್ತೀರಲ್ಲ ಅಂದ. ರಾಮಲಕ್ಷ್ಮಮ್ಮ ಒಳಗಿನಿಂದಲೇ, ನಾನು ಎಲ್ಲ ಹೇಳಿದೀನಿ, ಸುಮ್ಮನಿರೋ ನೀರಲ್ಲೇ ಇಳೀತಾರೆ ಅಂದಳು.

"ಅದೇ ತಪ್ಪು," ಅಂದೆ. "ಅಲ್ಲೇ ಇಳೀಬಾರ್ದು. ಅಲೆ ಇಲ್ಲದ ಕಡೆನೇ ಎಳೆಯೋದು."

"ಯಾರು ಹೇಳಿದ್ದು ನಿಮ್ಗೆ? ಆವತ್ತು ಮಗು ಅಲೆಗೆ ಸಿಕ್ಕಿದ್ದು," ಅಂದ ಬೈಲಪ್ಪ.

"ಅಲೆಗೆ ಸಿಕ್ಕಲಿಲ್ಲ."

"ನಾನು ಅಲ್ಲೇ ಇದ್ದೆ ಅತ್ಗೆ."

"ನೀನು ಮರದ ಕೆಳಗೆ ಊಟ ಮಾಡ್ತಿದ್ದೆ. ದಡದಲ್ಲಿ ಇದ್ದವಳು ನಾನು. ಇಲ್ಲಿ ಇಳಿ ಮಗ ಅಂತ ಬೆರಳು ತೋರ್ಸಿ ಇಳಿಸಿದ್ದು ನಾನು. ಅಂಜನಮೂರ್ತಿ ಅಲ್ಲ."

ಬೈಲಪ್ಪ ತಲೆಯ ಟವಲ್ ಬಿಚ್ಚಿದ. ಬಿಚ್ಚಿ ಕೈಯಲ್ಲೇ ಹಿಡಿದುಕೊಂಡ. ಏನಾದರೂ ಅನ್ನುತ್ತಾನೆ ಅಂತ ನಾನು ಕಾಯಲಿಲ್ಲ, ಕಾಯುವಷ್ಟು ಹೊತ್ತಿರಲಿಲ್ಲ.

"ನನ್ನ ಆಮೇಲೆ ಏನು ಬೇಕಾದ್ರೂ ಅನ್ನು. ಈಗ ಬೀಗ ತೆಗಿ."

ಅವನು ಒಳಗೆ ಹೋಗಿ ಸಂಖ್ಯೆ ಒತ್ತಿದ. ಎರಡು ಸಲ ತಪ್ಪಾಯಿತು. ಮೂರನೇ ಸಲಕ್ಕೆ ಲೈನ್ ಬಿಟ್ಟಿತು. ಕ್ಯಾಲೆಂಡರಿನ ನಂಬರನ್ನು ನಾನು ಒಂದೊಂದೇ ಓದಿ ಹೇಳಿದೆ. ಮೊದಲು ಎಂಗೇಜ್ ಬಂತು. ಮತ್ತೆ ಎಂಗೇಜ್. ರಾಮಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಐದನೇ ಸಲಕ್ಕೆ ಆ ಕಡೆ ಎತ್ತಿದರು. ಬೈಲಪ್ಪ ರಿಸೀವರ್ ನನ್ನ ಕೈಗೆ ಕೊಟ್ಟ.

ಲಾಡ್ಜಿನ ಮ್ಯಾನೇಜರು. ಬೆಂಗಳೂರಿನ ಸುಮೋದವರಾ, ಊಟ ಮಾಡಿ ಈಗಷ್ಟೇ ಹೋದರಲ್ಲ, ಹತ್ತು ನಿಮಿಷ ಆಗಿರಬಹುದು ಅಂದರು. ನಾನು ಅಲೆ ಒಡೆಯದ ಜಾಗದ ವಿಷಯ ಹೇಳಿದೆ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದರು:

"ನೀವು ಘಟ್ಟದ ಮೇಲಿನವರಿಗೆ ಇದು ಹೇಗೆ ಗೊತ್ತು ಅಮ್ಮ?"

"ಒಂದು ಸಲ ನಮ್ಮ ಮಗುವನ್ನ ಅಲ್ಲೇ ಇಳಿಸಿದ್ದೆ ಸ್ವಾಮಿ. ನಿಮ್ಮೂರಿನವರು ಉಳಿಸಿಕೊಟ್ರು."

"ಇವರು ಹೋಗುವಾಗ ನಾನು ಹೇಳಿದ್ದೇನೆ, ನೀರು ಜೋರುಂಟು ಅಂತ. ನಮ್ಮಮ್ಮ ಹೇಳಿದ್ದಾರೆ, ನಾವು ಶಾಂತ ಇರುವಲ್ಲಿ ಇಳಿಯುವುದು ಅಂದ್ರು ನಿಮ್ಮ ಮಗ. ನನಗೆ ಆಗಲೇ ಹೊಳೀಬೇಕಿತ್ತು ಮಾರಾಯ್ರೆ. ಫೋನಿಡಿ, ನಾನೇ ಸ್ಕೂಟರಲ್ಲಿ ಹೋಗ್ತೇನೆ. ಪಡುವಣದಲ್ಲಿ ಮೋಡ ಬೇರೆ ಕಪ್ಪಾಗಿದೆ, ಸಿಡಿಲು ಹೊಡೆದ್ರೆ ಆ ಬಯಲಲ್ಲಿ ನಿಲ್ಲುವುದೂ ಅಪಾಯ."

ಫೋನ್ ಇಟ್ಟೆ. ಒಂದು ಗಂಟೆ ಐದು ನಿಮಿಷ. ಲಾಡ್ಜಿನಿಂದ ದಡಕ್ಕೆ ಒಂದೂವರೆ ಮೈಲಿ ಅಂತ ಮ್ಯಾನೇಜರು ಹೇಳಿದ್ದರು. ಸುಮೋ ಹೋಗಿ, ನಿಂತು, ಇವರೆಲ್ಲ ಇಳಿದು, ಬಟ್ಟೆ ಬದಲಿಸಿ, ನೀರಿಗೆ ಹೋಗಲು ಎಷ್ಟು ಹೊತ್ತು ಬೇಕು ಅಂತ ಮನಸ್ಸಿನಲ್ಲಿ ಕೂಡಿಸಿ ಕಳೆಯುತ್ತ ಕೂತೆ. ದೊಡ್ಡವರಾದರೆ ಕಾಲು ಗಂಟೆ. ಭವ್ಯ ಬಟ್ಟೆ ಬದಲಿಸುವವಳಲ್ಲ, ಗಾಡಿಯಿಂದಲೇ ಓಡುತ್ತಾಳೆ.

ಯಾರೂ ಊಟಕ್ಕೆ ಕೂರಲಿಲ್ಲ. ಬೈಲಪ್ಪ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತು ಟವಲ್ಲಿನ ಅಂಚು ಹಿಂಡುತ್ತಿದ್ದ. ಹೊರಗೆ ಬೆಳಕು ಕುಗ್ಗಿತು. ಗಾಳಿ ಎದ್ದು ತಾರಸಿಯ ಮೇಲೆ ಪಂಚೆಗಳು ಪಟಪಟ ಹೊಡೆದುಕೊಳ್ಳುವುದು ಕೇಳಿಸಿತು. ಸಂಡಿಗೆ ಎತ್ತಬೇಕು ಅಂತ ಮೂವರಿಗೂ ಗೊತ್ತಿತ್ತು. ಒಬ್ಬರೂ ಏಳಲಿಲ್ಲ. ದಪ್ಪ ಹನಿ ಬಿತ್ತು, ಆಮೇಲೆ ಆಲಿಕಲ್ಲು ತಗಡಿನ ಮೇಲೆ ಉರುಳುವ ಸದ್ದು. ಬೆಳಗಿನಿಂದ ಮಾಡಿದ್ದು ಮತ್ತೆ ಗಂಜಿಯಾಗಿ ಮೋರಿಗೆ ಹರಿಯಿತು.

ಒಂದು ಸಲ ಫೋನ್ ಹೊಡೆದುಕೊಂಡಿತು. ಬೈಲಪ್ಪ ಎತ್ತಿದ. ಬಾಡಿಗೆ ಮನೆಯ ನಲ್ಲಿ ಸೋರುತ್ತಿದೆ ಅಂತ ಯಾರೋ. ಆಮೇಲೆ ಮಾಡಿ ಅಂತ ಮೆಲ್ಲಗೆ ಹೇಳಿ ಇಟ್ಟ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ರಾಮಲಕ್ಷ್ಮಮ್ಮ ಒಂದೇ ಮಾತು ಅಂದಳು. "ಒಂಬತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದೆಯಲ್ಲಕ್ಕ."

ಎರಡೂ ಇಪ್ಪತ್ತಕ್ಕೆ ಉದ್ದನೆಯ ರಿಂಗು ಬಂತು. ದೂರದ್ದು. ಬೈಲಪ್ಪ ಎತ್ತಿ ಎಲ್ಲರೂ ಇದೀರಾ ಅಂತ ಕೇಳಿದ. ಇನ್ನೊಂದು ಸಲ ಕೇಳಿದ. ಆಮೇಲೆ ಕಣ್ಣು ಮುಚ್ಚಿಕೊಂಡು ತಲೆ ಆಡಿಸಿದ. ಎಲ್ಲರೂ ಇದಾರೆ ಅಂತ ನಮ್ಮ ಕಡೆ ತಿರುಗಿ ಹೇಳಿದ.

ಶ್ರೀನಿವಾಸ ಹೇಳಿದ್ದನ್ನು ಬೈಲಪ್ಪ ನಮಗೆ ಹೇಳಿದ. ಜಾಗ ಹುಡುಕಿಕೊಂಡು ಸ್ವಲ್ಪ ಹೊತ್ತು ದಡದ ಮೇಲೇ ನಡೆದರಂತೆ, ಅದೇ ಉಳಿಸಿದ್ದು. ಆಮೇಲೆ ಅಲೆಯಿಲ್ಲದ ಒಂದು ಕಡೆ ಸಿಕ್ಕಿತು ಅಂತ ಸಂತೋಷಪಟ್ಟರಂತೆ. ಸುನಿಲ ತೊಡೆಯವರೆಗೆ ಇಳಿದಿದ್ದ, ಭವ್ಯ ಅವನ ಕೈ ಹಿಡಿದು ಹಿಂದೆಯೇ ಇದ್ದಳು. ಕಾಲ ಕೆಳಗಿನ ಮರಳು ಜಾರುತ್ತಿದೆ ಅಂತ ನಗುತ್ತಿದ್ದರಂತೆ. ಮ್ಯಾನೇಜರು ಸ್ಕೂಟರು ಮರಳಿನಲ್ಲಿ ಕೆಡವಿ ಓಡಿಬಂದು ಇಬ್ಬರನ್ನೂ ಆಚೆ ಕರೆದರು. ಶ್ರೀನಿವಾಸ ಒಪ್ಪಲಿಲ್ಲ, ಇಷ್ಟು ಶಾಂತವಾಗಿದೆಯಲ್ಲ ಅಂದ. ಅವರು ಅಲ್ಲೇ ಬಿದ್ದಿದ್ದ ಒಂದು ತೆಂಗಿನ ಸಿಪ್ಪೆ ಎತ್ತಿ ಸುನಿಲ ನಿಂತಿದ್ದ ಜಾಗಕ್ಕೆ ಎಸೆದರು. ಅದು ದಡಕ್ಕೆ ಬರಲಿಲ್ಲ. ಇವರು ನೋಡುತ್ತಿರುವಂತೆಯೇ ನೆಟ್ಟಗೆ ಒಳಕ್ಕೆ ಹೋಗಿ, ಅಲೆಗಳ ಸಾಲು ದಾಟಿ, ಕಣ್ಣಿಗೆ ಕಾಣದಷ್ಟು ದೂರವಾಯಿತು. ಅಷ್ಟರಲ್ಲಿ ಸಿಡಿಲು ಶುರುವಾಗಿ ಎಲ್ಲರನ್ನೂ ಗಾಡಿಯೊಳಗೆ ಕೂರಿಸಿ ಗಾಜು ಏರಿಸಿದರಂತೆ, ಮರದ ಕೆಳಗೆ ನಿಲ್ಲಲು ಬಿಡಲಿಲ್ಲವಂತೆ.

ಆಮೇಲೆ ದಿವ್ಯ ನನ್ನ ಹತ್ತಿರ ಮಾತಾಡಬೇಕು ಅಂದಳಂತೆ. ರಿಸೀವರ್ ಕಿವಿಗಿಟ್ಟೆ. ಮ್ಯಾನೇಜರು ಎಲ್ಲ ಹೇಳಿದ್ದಾರೆ ಅಂದಳು.

"ನಾನೇ ಮಾತು ಕೇಳ್ದೆ ಅಲೆ ಕಡೆ ಹೋಗ್ಬಿಟ್ಟೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ದೊಡ್ಡಜ್ಜಿ. ನಾನು ಹೋಗಿದ್ದಕ್ಕೆ ಮೂರ್ತಿಯಣ್ಣನಿಗೆ ಏಟು ಬಿತ್ತು ಅಂತ."

ಅಂದರೆ ಆ ಭಾರವನ್ನು ನಾನು ಅಂಜನಮೂರ್ತಿಯೊಬ್ಬನ ಮೇಲೆ ಹೊರಿಸಿರಲಿಲ್ಲ. ಹನ್ನೊಂದು ವರ್ಷದ ಮಗುವಿನ ಮೇಲೂ ಹೊರಿಸಿದ್ದೆ. ನೀನು ನಾನು ತೋರಿಸಿದ ಕಡೆಯೇ ಇಳಿದೆ ಮಗ, ಒಂದು ಹೆಜ್ಜೆಯೂ ಆಚೆ ಇಡಲಿಲ್ಲ ಅಂತ ಹೇಳಿದೆ. ಆಮೇಲೆ ಫೋನ್ ಕಟ್ ಆಯಿತು. ಲೈನ್ ಹೋಯಿತೋ, ಅವಳೇ ಇಟ್ಟಳೋ ತಿಳಿಯಲಿಲ್ಲ.

ಬೈಲಪ್ಪ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದ, ಬಡಿಸಿದ್ದು ತಿಂದು ಏಳುತ್ತಿದ್ದ. ಬಟ್ಟೆ ಕಟ್ಟಿಕೊಂಡು ಹೋಗಿ ಅನ್ನಬಹುದು ಅಂತಲೇ ನಾನು ಕಾದೆ. ಮೂರನೇ ದಿನ ಬೆಳಗ್ಗೆ ಅವನು ಕಾಫಿ ಲೋಟ ಕೆಳಗಿಟ್ಟು, ಅಂಜನಮೂರ್ತಿ ಈಗ ಏನು ಮಾಡುತ್ತಿದ್ದಾನೆ ಅಂತ ಕೇಳಿದ. ಮಾಲೂರಿನಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಾನಂತೆ, ವಿಳಾಸ ನನ್ನ ಹತ್ತಿರ ಇದೆ ಅಂದೆ. ನಿಮ್ಮ ಹತ್ತಿರ ಹೇಗೆ ಅಂದ.

ಆಗ ಅದನ್ನೂ ಹೇಳಬೇಕಾಯಿತು. ತೊಂಬತ್ತೇಳರಲ್ಲಿ ನಾನು ಸರ್ಕಾರಿ ಶಾಲೆಯ ರಾತ್ರಿ ತರಗತಿಗೆ ಹೋಗುತ್ತಿದ್ದೆನಲ್ಲ, ಜೀವನ್ ಬಿಮಾ ನಗರದಿಂದ ಬರುತ್ತಿದ್ದ ಜಲಜಾ ಟೀಚರ್ ಕೊನೆಯ ತಿಂಗಳು ಎಲ್ಲರಿಗೂ ಒಂದೊಂದು ಕಾಗದ ಬರೆಯಿರಿ ಅಂದಿದ್ದರು. ಉಳಿದ ಹೆಂಗಸರು ಅಣ್ಣನಿಗೆ, ಅಮ್ಮನಿಗೆ ಬರೆದರು. ನಾನು ಅಂಜನಮೂರ್ತಿಗೆ ಬರೆದೆ. ಗೋವಿಂದಮ್ಮ, ಯಾರಿವರು ಅಂತ ಟೀಚರ್ ನನ್ನನ್ನು ಕೇಳಿದ್ದಕ್ಕೆ, ಬೇಕಾದವರು ಅಂದೆ. ವಿಳಾಸವನ್ನು ಅವನ ಸೋದರಮಾವ ರಾಮಾಂಜಿನಪ್ಪನಿಂದ ಕೇಳಿ ಇಟ್ಟುಕೊಂಡೆ. ಕಳಿಸಲಿಲ್ಲ. ಕಳಿಸಿದರೆ ಅವನು ಅದನ್ನು ನಾಲ್ಕು ಜನಕ್ಕೆ ತೋರಿಸುತ್ತಾನೆ, ಅದು ತಿರುಗಿ ಈ ಮನೆಗೇ ಬರುತ್ತದೆ ಅನ್ನುವ ಭಯ. ಆರು ವರ್ಷ ಟ್ರಂಕಿನ ತಳದಲ್ಲಿ ಇತ್ತು.

ಬೈಲಪ್ಪ ತರಲು ಹೇಳಿದ. ತಂದು ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು ಎರಡು ಪುಟವನ್ನೂ ಓದಿದ.

"ನಾನು ಹೊಡೆದದ್ದಕ್ಕೆ ನೀವು ಕ್ಷಮೆ ಕೇಳಿದೀರಲ್ಲ ಇದ್ರಲ್ಲಿ."

ಹೌದು ಅಂದೆ.

"ಅದನ್ನ ತೆಗೀರಿ. ಅದು ನಾನು ಹೋಗಿ ಕೇಳಬೇಕಾದ್ದು. ನಿಮ್ಮದು ನೀವು ಬರೀರಿ."

ಆ ಹಳೆಯ ಕಾಗದವನ್ನು ನಾನೂ ಇನ್ನೊಂದು ಸಲ ಓದಿದೆ. ಸಮುದ್ರ ನನಗೆ ಹೊಸದು, ನಾನು ಗಂಡನಿಲ್ಲದವಳು, ನನಗೆ ಯಾರಿದ್ದಾರೆ ಅಂತಲೇ ಒಂದೂವರೆ ಪುಟ. ಕಾಗದ ಅವನ ಹೆಸರಿಗಿತ್ತು, ಒಳಗೆ ಇದ್ದದ್ದೆಲ್ಲ ನಾನೇ. ಅದನ್ನು ಹರಿದೆ. ಹೊಸ ಹಾಳೆಯಲ್ಲಿ, ದಿವ್ಯನನ್ನು ನೀರಿಗೆ ಇಳಿಸಿದ್ದು ನಾನು, ನೀನಲ್ಲ, ಈಜು ಬರದಿದ್ದರೂ ನೀನು ಹಾರಿದೆ, ನಾನು ಬಾಯಿ ಮುಚ್ಚಿಕೊಂಡೆ, ಈ ಮಾತನ್ನು ಈಗ ಮನೆಯವರೆಲ್ಲರಿಗೂ ಹೇಳಿದ್ದೇನೆ, ಕೇರಿಯವರಿಗೂ ಹೇಳುತ್ತೇನೆ, ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು ಅಂತ ಬರೆದೆ. ಕೆಳಗೆ ಹೆಸರು ಬರೆದೆ. ಅಷ್ಟಕ್ಕೇ ಒಂದು ಗಂಟೆ ಹಿಡಿಯಿತು.

ನಮ್ಮೂರಿನ ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ. ಬಸ್ ಹತ್ತಿ ಕೆ.ಆರ್. ಪುರದ ಅಂಚೆ ಕಚೇರಿಗೆ ಹೋದೆ. ಮಧ್ಯಾಹ್ನ ಎರಡು ಗಂಟೆ. ಹೊರಗಿನ ಕೆಂಪು ಡಬ್ಬಿಯ ಬಾಯಿಗೆ ಲಕೋಟೆ ಬಿಟ್ಟೆ. ಯಾವಾಗ ತೆಗೆಯುತ್ತಾರೆ ಅಂತ ಕೌಂಟರಿನಲ್ಲಿ ಕೇಳಿದ್ದಕ್ಕೆ ನಾಲ್ಕಕ್ಕೆ ಅಂದರು. ಹೊಂಗೆಮರದ ಕೆಳಗಿನ ಕಟ್ಟೆಯ ಮೇಲೆ ಕೂತೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಒಬ್ಬ ಚೀಲ ಹಿಡಿದು ಬಂದು ಡಬ್ಬಿಯ ಬೀಗ ತೆಗೆದ. ಕೈ ತುಂಬ ಕಾಗದ ಬಾಚಿ ಚೀಲಕ್ಕೆ ಹಾಕಿದ, ಒಳಗೆ ಇನ್ನೇನೂ ಉಳಿದಿಲ್ಲ ಅಂತ ಬಗ್ಗಿ ನೋಡಿದ, ಬಾಗಿಲು ಮುಚ್ಚಿದ. ಚೀಲದ ಬಾಯಿ ಕಟ್ಟಿ ಅವನು ಒಳಗೆ ಹೋಗುವವರೆಗೆ ನೋಡಿ, ಆಮೇಲೆ ಎದ್ದೆ.